ಬೋಲ್ಟ್ ತೆಗೆದರೆ ಬರೀ ಕೋಲು

'ತ್ರೀ ನಾಟ್ ತ್ರೀ' ಅಂದರೆ ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ. ಪೊಲೀಸರ ಹೆಗಲ ಮೇಲೆ, ಎನ್.ಸಿ.ಸಿ. ಕ್ಯಾಂಪುಗಳಲ್ಲಿ ಎಷ್ಟೋ ವರ್ಷ ಕಂಡ ಬಂದೂಕು ಅದು. ಅಸಲು ಹೆಸರು ಲೀ-ಎನ್‌ಫೀಲ್ಡ್. ಲೀ ಅಂದರೆ ಅದರ ಬೋಲ್ಟ್ ವಿನ್ಯಾಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ, ಎನ್‌ಫೀಲ್ಡ್ ಅಂದರೆ ಲಂಡನ್ ಹತ್ತಿರದ ಕಾರ್ಖಾನೆಯ ಊರು. ನಾನು ಇಲ್ಲಿ ಹೇಳಹೊರಟಿರುವುದು ಇಡೀ ಬಂದೂಕಿನ ಕಥೆಯಲ್ಲ, ಬೋಲ್ಟ್ ಅನ್ನೋ ಒಂದು ಗೇಣಿನಷ್ಟು ಕಬ್ಬಿಣದ ಕಥೆ.

ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು, ಅದರ ತಲೆಯನ್ನು ಮೇಲಕ್ಕೆತ್ತಿದರೆ ಕೈಗೇ ಬರುತ್ತದೆ. ತಲೆಯನ್ನು ತಿರುಪಿ ಬಿಚ್ಚಬಹುದು. ಒಳಗೆ ಸ್ಟ್ರೈಕರ್ ಎಂಬ ಸರಳು, ಅದರ ಸುತ್ತ ಸ್ಪ್ರಿಂಗು, ಹಿಂದುಗಡೆ ಕಾಕಿಂಗ್ ಪೀಸ್. ಸ್ಟ್ರೈಕರ್ ಬಿಚ್ಚುವುದಕ್ಕೆ ಬೇರೆಯೇ ಉಪಕರಣ ಬೇಕು. ಅದು ಆರ್ಮರರ್ ಕೆಲಸ, ಸಿಪಾಯಿಯದಲ್ಲ. ಬೋಲ್ಟ್ ಮೇಲೆ ಒಂದು ನಂಬರ್ ಇರುತ್ತದೆ, ರೈಫಲ್ ಮೇಲೂ ಅದೇ ನಂಬರ್. ಒಂದರ ಬೋಲ್ಟ್ ಇನ್ನೊಂದಕ್ಕೆ ಹಾಕಿದರೆ ತೋಟಾದ ಹಿಂದೆ ಸಂದು ಹೆಚ್ಚಾಗಿ, ಹಾರಿಸುವಾಗ ಅದು ಒಡೆಯಬಹುದು. ಜೋಡಿ ತಪ್ಪಬಾರದು!

ಇನ್ನು ಶುಚಿ ಮಾಡುವುದು. ಆ ಕಾಲದ ತೋಟಾಗಳ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿಸಿದ ಮೇಲೆ ಅದು ಒಂದು ಬಗೆಯ ಉಪ್ಪಾಗಿ ನಳಿಗೆಯಲ್ಲಿ, ಬೋಲ್ಟಿನ ಮುಖದಲ್ಲಿ ಕೂರುತ್ತದೆ. ಉಪ್ಪು ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ಅದಕ್ಕೇ ಮೊದಲು ಕುದಿಯುವ ನೀರು, ಆಮೇಲೆ ಒರೆಸಿ ಎಣ್ಣೆ. ಎಣ್ಣೆ ಬಾಟಲಿ, ಬಟ್ಟೆ ಎಳೆಯುವ ಹುರಿ ಎರಡನ್ನೂ ಬಂದೂಕಿನ ಹಿಂಬದಿಯ ಮರದೊಳಗೇ ಇಟ್ಟಿರುತ್ತಿದ್ದರು.

ಈ ಬೋಲ್ಟ್ ನಮ್ಮ ಸಿಪಾಯಿಯ ಕೈಗೆ ಬಂದಿದ್ದು ಮಾತ್ರ ತಡವಾಗಿ. 1857ರ ದಂಗೆಯ ನಂತರ ಬ್ರಿಟಿಷರಿಗೆ ನಮ್ಮವರ ಮೇಲೆ ನಂಬಿಕೆ ಹೋಯಿತು. ಅವರ ಸೈನಿಕರಿಗೆ ಮಾರ್ಟಿನಿ-ಹೆನ್ರಿ ಬಂದಾಗ ನಮ್ಮವರಿಗೆ ಹಳೆಯ ಸ್ನೈಡರ್. ಅವರಿಗೆ ಬೋಲ್ಟಿನ ಲೀ-ಮೆಟ್‌ಫರ್ಡ್ ಬಂದಾಗ ನಮ್ಮವರಿಗೆ ಮಾರ್ಟಿನಿ. ಯಾವಾಗಲೂ ಒಂದು ಹೆಜ್ಜೆ ಹಿಂದೆ. 1914ರಲ್ಲಿ ಫ್ರಾನ್ಸಿಗೆ ಹೋದ ಲಾಹೋರ್ ಡಿವಿಜನ್ನಿನವರಿಗೆ ಹೊಸ ಮಾದರಿಯ ರೈಫಲ್ ಸಿಕ್ಕಿದ್ದು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಮೇಲೆ! ಇನ್ನು ಕೆಲವೇ ವಾರಕ್ಕೆ ಯುದ್ಧರಂಗ. ಅಷ್ಟರಲ್ಲಿ ಕೈ ಪಳಗಿಸಿಕೊಳ್ಳಬೇಕು.

ಹಾಗಾದರೆ ಕೈಗೆ ಬಂದದ್ದು ಗೆಲುವೇ? ಇಲ್ಲೇ ನನ್ನ ಯೋಚನೆ ನಿಂತುಬಿಡುತ್ತದೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಡೈಯರ್ ಆಜ್ಞೆಯಂತೆ ಗುಂಡು ಹಾರಿಸಿದ 50 ಜನ ಈ ಕಡೆಯವರೇ: ಗೂರ್ಖಾ, ಸಿಖ್, ಬಲೂಚಿ ಪಡೆಗಳವರು. ಕೈಯಲ್ಲಿದ್ದದ್ದು ಇದೇ .303. ಹಾರಿದ್ದು 1,650 ಗುಂಡು. ತಲೆಗೆ 33ರ ಲೆಕ್ಕ. ಮ್ಯಾಗಜಿನ್ನಿಗೆ ಹಿಡಿಯುವುದು ಹತ್ತು. ಅಂದರೆ ಒಬ್ಬೊಬ್ಬನೂ ಸರಾಸರಿ ಮೂರು ಬಾರಿಗಿಂತ ಹೆಚ್ಚು ಮ್ಯಾಗಜಿನ್ ತುಂಬಿ, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳಿರಬೇಕು. ಕೈ ತಪ್ಪಿ ಹಾರಿದ್ದು ಅನ್ನುವ ಹಾಗಿಲ್ಲ. ನಂಬಿಕೆ ಗಳಿಸಿದ್ದರ ಬೆಲೆ ಅದು ಅನ್ನಿಸುತ್ತದೆ ನನಗೆ.

ಸ್ವಾತಂತ್ರ್ಯ ಬಂದ ಮೇಲೂ ಇದು ಹೋಗಲಿಲ್ಲ. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಲೇ ಇತ್ತು, 1960ರ ದಶಕದಲ್ಲಿ 7.62 ಮಿ.ಮೀ. ತೋಟಾಕ್ಕೂ ಒಗ್ಗಿಸಿದರು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಸಿ.ಎಸ್.ಟಿ. ನಿಲ್ದಾಣದಲ್ಲಿ ಎ.ಕೆ.-47 ಹಿಡಿದು ಬಂದವರೆದುರು ನಮ್ಮ ಪೊಲೀಸರು ನಿಂತದ್ದು ಇಂಥ ಬೋಲ್ಟ್ ಎಳೆಯುತ್ತಾ. ಉತ್ತರಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರಲ್ಲಿ.

ಬೋಲ್ಟ್ ಮತ್ತೆ ಜೋಡಿಸುವಾಗ ತಲೆ ಪೂರ್ತಿ ತಿರುಪಿದೆಯಾ, ನಂಬರ್ ಸರಿಯಿದೆಯಾ ಅಂತ ನೋಡಲೇಬೇಕು. ಯಾರ ಮೇಲೆ ಹಾರಿಸಬೇಕು ಅನ್ನೋದನ್ನು ಮಾತ್ರ ಯಾವ ನಂಬರೂ ಹೇಳುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಎನ್.ಸಿ.ಸಿ.ಯಲ್ಲಿ ಇದರ ಬೋಲ್ಟ್ ಬಿಚ್ಚಿ ಒರೆಸಿದ್ದರೆ ಆ ಅನುಭವ ಬರೀರಿ, ಓದುವ ಆಸೆ ಇದೆ.