ಸರಪಳಿ ಜಗ್ಗೋ ಟ್ಯಾಂಕು ಯಾಕ ಸೋರತಿರಲಿಲ್ಲ?

ನಮ್ಮ ಫ್ಲಶ್ ಟ್ಯಾಂಕಿನ ವಾಷರ್ ಈ ವರ್ಷ ಎರಡನೇ ಸಲ ಬದಲಿ ಮಾಡಿದೆ. ಅಜ್ಜಿ ಮನ್ಯಾಗ ಗ್ವಾಡಿ ಮ್ಯಾಲೆ ಇದ್ದ ಬೀಡುಕಬ್ಬಿಣದ ಟ್ಯಾಂಕಿಗೆ ಈ ಪೀಡಾ ಇರಲಿಲ್ಲ ನೋಡ್ರಿ. ನೀರು ಇಳಿಯೋ ಕೊಳವಿಗೆ ಅದರಾಗ ವಾಷರೇ ಇಲ್ಲ. ನೀರಿನಕಿಂತ ಎತ್ತರಕ್ಕ ನಿಂತ ಕೊಳವಿ, ಅದರ ಮ್ಯಾಲೆ ಘಂಟಿಯಂಥಾ ಮುಚ್ಚಳ. ಸರಪಳಿ ಜಗ್ಗಿ ಬಿಟ್ಟರ ಘಂಟಿ ಕೆಳಗ ಬಿದ್ದು ನೀರು ಕೊಳವಿಯೊಳಗ ಉಕ್ಕತದ. ಒಮ್ಮೆ ಹರೀಲಿಕ್ಕೆ ಹತ್ತಿದ್ರ ಉಳಿದದ್ದನ್ನೂ ಎಳಕೊಂಡು ಹೋಗ್ತದ, ತಳದಾಗ ಗಾಳಿ ಹೊಕ್ಕ ಕೂಡಲೇ ಬಂದ್.

ಇದಕ್ಕ ಸೈಫನ್ ಅಂತಾರ. ನೀರು ಪೋಲಾಗಬಾರದು ಅಂತ ಬ್ರಿಟನ್ನಿನವರು ಇದನ್ನ ಹಟಾ ಹಿಡದು ಉಳಿಸಿಕೊಂಡಿದ್ರು. ನಮ್ಮ ಟ್ಯಾಂಕಿನಾಗ ಇರೋವಂಥಾ ವಾಲ್ವಿಗೆ ಅಲ್ಲೆ ಪರವಾನಗಿ ಸಿಕ್ಕದ್ದು 2001ರಾಗ. ಜಿಪುಣರು ಅನ್ರಿ ಬೇಕಾದ್ರ, ನನಗಂತೂ ಅವರದೇ ಖರೆ ಅನಸ್ತದ.

ಹಳೇ ಟ್ಯಾಂಕು ಒಂದ ಸಲಕ್ಕ ಬಕೆಟ್‌ಗಟ್ಲೆ ಸುರೀತಿತ್ತು, ಅದೂ ಖರೆ. ಈಗಿನ ಎರಡು ಗುಂಡಿದು 3 ಲೀಟರ್, 6 ಲೀಟರ್ ಅಂತ ಉಳಸ್ತದ. ಆದ್ರ ವಾಷರ್ ಸಡಲಾದ್ರ ಉಳಸಿದ್ದೆಲ್ಲಾ ರಾತ್ರಿ ಸಪ್ಪಳಿಲ್ದ ಹರದು ಹೋಗ್ತದ. ನಳಾ ವಾರಕ್ಕೊಮ್ಮೆ ಬರೋ ಮನಿಗೆ ಇದು ಸಣ್ಣ ಮಾತಲ್ಲ.

ವೈನಿ, ಸಂಶಯ ಇದ್ದರ ಟ್ಯಾಂಕಿನಾಗ ಚೂರು ಶಿರಾದ ಕೇಸರಿ ಬಣ್ಣ ಹಾಕಿ ಅರ್ಧ ತಾಸು ಬಿಡ್ರಿ. ಫ್ಲಶ್ ಮಾಡದೇನ ಕಮೋಡಿನಾಗ ಬಣ್ಣ ಕಂಡ್ರ ವಾಷರ್ ಹೋತು ಅಂತ ತಿಳೀರಿ. ಅಂಗಡಿಗೆ ಹಳೇದನ್ನ ಕೈಯಾಗ ಹಿಡಕೊಂಡೇ ಹೋಗ್ರಿ, ಅಳತಿ ಒಂದೊಂದಕ್ಕ ಒಂದೊಂದ ಇರ್ತದ.