ಶೃಂಗಾಟಕ ಮರ್ಮವೂ ಕಪಾಲಮೂಲದ ಅರ್ಬುದವೂ

ಕಪಾಲದ ತಳದಲ್ಲಿ ಹುಟ್ಟುವ ಗಡ್ಡೆಯನ್ನು ಶಸ್ತ್ರದಿಂದ ತೆಗೆಯುವ ವಿದ್ಯೆಯು ನಮ್ಮ ಪೂರ್ವಿಕರಿಗೆ ಪೂರ್ಣವಾಗಿ ತಿಳಿದಿದ್ದಿತೆಂದು ಕೆಲವರೂ, ಆ ವಿಷಯದ ಗಂಧವೇ ಅವರಿಗಿರಲಿಲ್ಲವೆಂದು ಮತ್ತೆ ಕೆಲವರೂ ಹೇಳುವುದುಂಟು. ಗ್ರಂಥವನ್ನು ತೆರೆದು ನೋಡಿದರೆ ಈ ಎರಡು ಪಕ್ಷಗಳೂ ನಿಲ್ಲುವುದಿಲ್ಲ.

ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯವು, ಮರ್ಮದಲ್ಲಾಗಲಿ ಸ್ರೋತಸ್ಸಿನಲ್ಲಾಗಲಿ ಹುಟ್ಟಿದ ಅರ್ಬುದವನ್ನು ಅಸಾಧ್ಯವೆಂದು ನಿರ್ಣಯಿಸುತ್ತದೆ. ಶಾರೀರಸ್ಥಾನದ 6ನೆಯ ಅಧ್ಯಾಯವು 107 ಮರ್ಮಗಳನ್ನು ವಿವರಿಸುವಲ್ಲಿ, ಮೂಗು, ಕಿವಿ, ಕಣ್ಣು, ನಾಲಗೆಗಳನ್ನು ತಣಿಸುವ ಸಿರೆಗಳು ಕೂಡುವೆಡೆಗೆ ಶೃಂಗಾಟಕವೆಂದು ಹೆಸರಿಟ್ಟು, ಅಲ್ಲಿ ಪೆಟ್ಟಾದರೆ ಸದ್ಯೋಮರಣವೆನ್ನುತ್ತದೆ. ಈ ವರ್ಣನೆಯು ಕಪಾಲಮೂಲದ ಸಮೀಪಕ್ಕೆ ಹೊಂದುವುದು ಸ್ಪಷ್ಟ. ಚಿಕಿತ್ಸಾಸ್ಥಾನದ 18ನೆಯ ಅಧ್ಯಾಯವಾದರೋ, ಶೇಷವುಳಿದ ಅರ್ಬುದವು ಬೇಗನೆ ಮರಳಿ ಬೆಳೆಯುವುದೆಂದು ಎಚ್ಚರಿಸುತ್ತದೆ. ಮರ್ಮವನ್ನು ಮುಟ್ಟಲಾಗದು; ಮುಟ್ಟದಿದ್ದರೆ ಶೇಷವುಳಿಯುತ್ತದೆ. ಪ್ರಾಚೀನ ಶಲ್ಯತಂತ್ರವು ಈ ಇಕ್ಕಟ್ಟಿನೆದುರು ನಿಂತಿತು.

ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಹರಿಹರದ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ 1224ರಲ್ಲಿಯೂ ಈ ಸೀಮೆಯ ವೈದ್ಯನಿಗೆ ಇದೇ ಎಲ್ಲೆಯಾಗಿದ್ದಿತು. ಅದಾದ 683 ವರ್ಷಗಳ ಮೇಲೆ, 1907ರಲ್ಲಿ, ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ನಗರದಲ್ಲಿ ಹರ್ಮಾನ್ ಶ್ಲೋಫರ್ ಎಂಬ ಶಸ್ತ್ರವೈದ್ಯನು ಮೂಗನ್ನು ಪಕ್ಕಕ್ಕೆ ಸರಿಸಿ, ಆ ದಾರಿಯಿಂದ ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ತೆಗೆದನು. ಮರ್ಮದ ಎಲ್ಲೆಯನ್ನು ದಾಟಿದ್ದಾಯಿತು. ಆದರೆ ರೋಗಿಯು ಕೆಲವೇ ತಿಂಗಳಲ್ಲಿ ಮೃತನಾಗಲು, ಶವಪರೀಕ್ಷೆಯಲ್ಲಿ ಗಡ್ಡೆಯ ಶೇಷವು ದೊಡ್ಡದಾಗಿಯೇ ಕಂಡುಬಂದಿತು. ಸುಶ್ರುತನ ಎರಡನೆಯ ಎಚ್ಚರಿಕೆಯು ಹಾಗೆಯೇ ಉಳಿದಿದ್ದಿತು.

ಭಾರತದಲ್ಲಿ 1949ರಲ್ಲಿ ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ಮಿದುಳಿನ ಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. ದಾವಣಗೆರೆಯಲ್ಲಿ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ, ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ಸ್ಥಾಪಿತವಾದವು. ಇಂದು ಸೂಕ್ಷ್ಮದರ್ಶಕ, ಎಂಡೋಸ್ಕೋಪುಗಳ ನೆರವಿನಿಂದ ಶಸ್ತ್ರವೈದ್ಯರು ಆ ಸ್ಥಾನವನ್ನು ಕಣ್ಣಾರೆ ಕಂಡು ಕೆಲಸಮಾಡುತ್ತಾರೆ. ಗಡ್ಡೆಯು ನರಕ್ಕೋ ರಕ್ತನಾಳಕ್ಕೋ ಅಂಟಿಕೊಂಡಲ್ಲಿ ಸ್ವಲ್ಪ ಶೇಷವನ್ನು ತಿಳಿದೇ ಬಿಟ್ಟು, ಅದು ಬೆಳೆಯದಂತೆ ಬೇಕಾದಾಗ ವಿಕಿರಣವನ್ನು ಪ್ರಯೋಗಿಸುತ್ತಾರೆ. ಇಕ್ಕಟ್ಟು ಅದೇ, ಉಪಾಯ ಹೊಸದು.

ಆದುದರಿಂದ ದಾವಣಗೆರೆ ಹರಿಹರಗಳ ಸೀಮೆಯಲ್ಲಿ ಯಾರಿಗಾದರೂ ದೃಷ್ಟಿಯೋ ಒಂದು ಕಿವಿಯ ಶ್ರವಣವೋ ಕುಂದುತ್ತ ಬಂದರೆ, ಪ್ರಾಚೀನರಲ್ಲಿ ಎಲ್ಲಕ್ಕೂ ಮದ್ದುಂಟೆಂದು ನಂಬಿ ಕಾಲಹರಣ ಮಾಡುವುದು ಶಾಸ್ತ್ರಗೌರವವಾಗಲಾರದು. ಶಾಸ್ತ್ರವು ತನಗೆ ಅಸಾಧ್ಯವಾದುದನ್ನು ಅಸಾಧ್ಯವೆಂದೇ ಬರೆದಿಟ್ಟಿದೆ. ಆ ಸತ್ಯನಿಷ್ಠೆಯೇ ಅದರ ಹಿರಿಮೆ.