ಕೆಂಪು ದೀಪ ಆರಬೇಕು (ಭಾಗ 4)

ಹಂಪಿ ಬಂಡೆ ಮುಂದೆ ಹಳೇ ಯೆಜ್ಡಿ ನಿಲ್ಲಿಸಿ ಫೋಟೋ ಹಾಕೋರೇ, ಹೆಡ್‌ಲೈಟ್ ಮೇಲಿನ ಸಣ್ಣ ಕೆಂಪು ದೀಪ ನೋಡೀರೇನು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿಗಳಲ್ಲಿ ಬಹಳಷ್ಟು 6 ವೋಲ್ಟ್ ಡೈನಮೋದವು. ಕೀ ಹಾಕಿದ್ರೆ ದೀಪ ಹತ್ತಬೇಕು, ರೇಸ್ ಕೊಟ್ರೆ ಆರಬೇಕು. ಆರದಿದ್ರೆ ಚಾರ್ಜ್ ಆಗ್ತಿಲ್ಲ. ಮೊದಲ ಅನುಮಾನ ಸವೆದ ಕಾರ್ಬನ್ ಬ್ರಷ್, ಮಸಿ ಹಿಡಿದ ಕಮ್ಯುಟೇಟರ್ ಮೇಲೆ, ಆಮೇಲೆ ಕಟೌಟ್. ಅದರ ಪಾಯಿಂಟ್ ಅಂಟಿಕೊಂಡ್ರೆ ಇನ್ನೂ ಮೋಸ: ಎಂಜಿನ್ ನಿಂತ ಮೇಲೆ ಕರೆಂಟು ವಾಪಸ್ ಡೈನಮೋಗೇ ಹರಿದು ಬ್ಯಾಟರಿ ಖಾಲಿ.

ಈಗ ಸ್ಟೇಟರ್, ರೆಕ್ಟಿಫೈಯರ್ ಕಾಲ. ಏಪ್ರಿಲ್ 2017ರಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲೂ ಉರಿಯುತ್ತೆ. ಹೇಳೋಕೆ ಕೆಂಪು ದೀಪ ಮಾತ್ರ ಇಲ್ಲ! ಕಂಪ್ಲಿ ರಸ್ತೇಲಿ ರಾತ್ರಿ ಲೈಟು ಮಂಕಾದ್ರೆ, ಹೊಸ ಬ್ಯಾಟರಿಗೆ ದುಡ್ಡು ಸುರಿಯೋ ಮೊದಲು ರೇಸ್ ಕೊಟ್ಟು ಮೀಟರ್ ಹಿಡಿಸ್ರಿ: 14 ವೋಲ್ಟ್ ಹತ್ರ ಇರಬೇಕು.